ದೆವ್ವದ ಬಾಯಲ್ಲಿ ಯಾರ ಭಾಷೆ?

(ಗುಂಡಗುರ್ತಿಯಲ್ಲಿ ಆಡಿದ ಮಾತುಗಳು)



ದುಡಿಯುವವರ ಪಕ್ಷಕ್ಕೂ ಸಿನಿಮಾಕ್ಕೂ ಏನು ಸಂಬಂಧವೆಂದು ಕೆಲವರು ಕೇಳಿದರು. ಅದೂ ದೆವ್ವದ ಸಿನಿಮಾ, ಅದೂ ಜಪಾನಿನ ಕಾರ್ಟೂನು! ಸಂಬಂಧವಿದೆ. ಟಿಕೆಟಿನ ಹಣ ನಮ್ಮದು, ಅಂಜುವ ಎದೆ ನಮ್ಮ ಮಕ್ಕಳದು. ಯಾರನ್ನು ಕಂಡು ಅಂಜಬೇಕೆಂದು ಅವರಿಗೆ ಕಲಿಸುತ್ತಿರುವವರು ಯಾರು ಎಂದು ನಾವು ವಿಚಾರಿಸಬೇಡವೆ?

ಮೊದಲು ನಮ್ಮ ಮನೆಯದನ್ನೇ ನೋಡೋಣ. 2004ರಲ್ಲಿ ‘ಆಪ್ತಮಿತ್ರ’ ಬಂತು. ಅದರ ನಾಗವಲ್ಲಿ ಯಾರು? ಆಂಧ್ರದಿಂದ ಬಂದ ನರ್ತಕಿ. ಬೇರೊಬ್ಬನ ಮೇಲೆ ಮನಸ್ಸಿಟ್ಟಳೆಂದು ಅರಸನ ಕೈಯಲ್ಲಿ ಸತ್ತವಳು. ಕೊಂದವನು ಅರಸ, ಸತ್ತವಳು ಕುಣಿಯುವವಳು. ಆದರೆ ಕತ್ತಲೆಯಲ್ಲಿ ಕುಳಿತು ನಾವು ಅಂಜುವುದು ಅರಸನಿಗಲ್ಲ, ಅವಳಿಗೆ. ಅವಳು ಮೈಮೇಲೆ ಬಂದಾಗ ಬರುವ ಮಾತು, ಹಾಡು ತೆಲುಗಿನವು. ಇದರ ಮೂಲ 1993ರ ಮಲಯಾಳ ಚಿತ್ರ ‘ಮಣಿಚಿತ್ರತ್ತಾಳ್’. ಅಲ್ಲಿ ಅವಳು ತಮಿಳು ಆಡುತ್ತಾಳೆ. 2005ರ ತಮಿಳು ‘ಚಂದ್ರಮುಖಿ’ಯಲ್ಲಿ ಮತ್ತೆ ತೆಲುಗು. ಅಂದರೆ ದೆವ್ವ ಯಾವಾಗಲೂ ಹೆಂಗಸು, ಯಾವಾಗಲೂ ನೆರೆಯವಳು! ಸೇಡಂ, ಚಿತ್ತಾಪುರ, ಚಿಂಚೋಳಿಯ ಜನರ ಕಿವಿಗೆ ಇದು ಹೇಗೆ ಕೇಳಿಸಬೇಕು? ನಮ್ಮ ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ಒಂದೇ ತಕ್ಕಡಿಯ ಮುಂದೆ ಚೌಕಾಶಿ ಮಾಡುತ್ತವೆ. ತೆಲುಗು ನಮಗೆ ಪಕ್ಕದ ಅಂಗಡಿಯವರ ಭಾಷೆ. ಚಿತ್ರ ಸೊಗಸಾಗಿದೆ, ಅಲ್ಲವೆನ್ನುವುದಿಲ್ಲ. ನಾವೂ ಎರಡು ಸಲ ನೋಡಿದ್ದೇವೆ.

ಈಗ ಜಪಾನಿನ ಮಾತು. ಶಿಗೆರು ಮಿಜುಕಿ ಎಂಬ ಚಿತ್ರಕಾರರಿದ್ದರು, 2015ರಲ್ಲಿ ತೀರಿಕೊಂಡರು. ಎರಡನೆಯ ಮಹಾಯುದ್ಧದಲ್ಲಿ ಅವರನ್ನು ಸಿಪಾಯಿಯಾಗಿ ದೂರದ ದ್ವೀಪಕ್ಕೆ ಕಳಿಸಿದರು. ಅಲ್ಲಿ ಬಾಂಬಿಗೆ ಎಡಗೈ ಹೋಯಿತು. ಊರಿಗೆ ಮರಳಿ, ಬೀದಿಯಲ್ಲಿ ಚಿತ್ರ ತೋರಿಸಿ ಕತೆ ಹೇಳುವವರಿಗೆ ಒಂದೇ ಕೈಯಲ್ಲಿ ಚಿತ್ರ ಬರೆದುಕೊಟ್ಟು ಹೊಟ್ಟೆ ಹೊರೆದರು. ನಮ್ಮ ಕಿಳ್ಳಿಕ್ಯಾತರ ತೊಗಲುಬೊಂಬೆಯ ಹಾಗೆ ಅದೂ ಬಡವರ ಆಟ. ಅವರು ಬೆಳೆಸಿದ ಕಿತಾರೊ ಒಕ್ಕಣ್ಣಿನ ಹುಡುಗ, ದೆವ್ವದ ಕುಲದವನು. 1968ರಲ್ಲಿ ಅವನ ಕತೆ ಜಪಾನಿನ ಟೆಲಿವಿಷನ್ನಿಗೆ ಬಂತು.

ಆ ಕಿತಾರೊ ಹುಟ್ಟಿದ ಕತೆಯನ್ನು ತೊಎಯ್ ಸಂಸ್ಥೆ 2023ರಲ್ಲಿ ಚಿತ್ರವಾಗಿ ತೆಗೆಯಿತು. ಕತೆ ನಡೆಯುವುದು 1956ರಲ್ಲಿ. ಯುದ್ಧದಿಂದ ಬದುಕಿ ಬಂದ ರಕ್ತನಿಧಿಯ ನೌಕರನೊಬ್ಬ ಔಷಧ ಕಂಪನಿಯ ಯಜಮಾನರ ಹಳ್ಳಿಗೆ ಹೋಗುತ್ತಾನೆ. ‘ಎಂ’ ಎಂಬ ಅವರ ಔಷಧಿ ಚುಚ್ಚಿಸಿಕೊಂಡವನು ಊಟ ನಿದ್ದೆಯಿಲ್ಲದೆ ಹಗಲು ರಾತ್ರಿ ಕಾದಾಡಬಲ್ಲ, ದುಡಿಯಬಲ್ಲ. ರಾತ್ರಿ ಪಾಳಿ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದನ್ನು ತಯಾರಿಸುವುದು ಯಾತರಿಂದ? ದೆವ್ವದ ಕುಲದವರನ್ನು ಸೆರೆಹಿಡಿದು ಹೀರಿದ ರಕ್ತದಿಂದ, ಕದ್ದು ತಂದ ಮನುಷ್ಯರ ಮೈಯಿಂದ. ಇಲ್ಲಿ ದೆವ್ವ ರಕ್ತ ಕುಡಿಯುವುದಿಲ್ಲ, ರಕ್ತ ಕೊಡುತ್ತದೆ. ಕುಡಿಯುವವರು ಹಾಸಿದ ಚಾಪೆಯ ಮೇಲೆ ಆಸ್ತಿಯ ಉಯಿಲು ಓದಿಸಿಕೊಳ್ಳುತ್ತ ಕುಳಿತಿರುತ್ತಾರೆ. ಇಷ್ಟು ನೇರವಾಗಿ ಹೇಳಿದ ದೆವ್ವದ ಕತೆಯನ್ನು ನಾವು ಇನ್ನೊಂದು ನೋಡಿಲ್ಲ.

ಹಾಗೆಂದು ಆ ಚಿತ್ರದಲ್ಲಿ ಕೊರತೆಯಿಲ್ಲವೆಂದಲ್ಲ. ಅಲ್ಲಿಯೂ ಹೆಂಗಸರ ಪಾಲಿಗೆ ಬಂದಿರುವುದು ಸಂಕಟವೇ. ಮೊಮ್ಮಗಳನ್ನೂ ತನ್ನ ಸೊತ್ತೆಂದು ಬಗೆದ ಮುದುಕನ ಮನೆಯಲ್ಲಿ ಹುಡುಗಿಗೆ ಬಿಡುಗಡೆಯ ಕನಸು ಮಾತ್ರ ಸಿಗುತ್ತದೆ, ಬಿಡುಗಡೆ ಸಿಗುವುದಿಲ್ಲ.

ಇಂಥ ಚಿತ್ರಗಳು ನಮ್ಮ ಮಕ್ಕಳಿಗೆ ಯಾವ ಭಾಷೆಯಲ್ಲಿ ಸಿಗುತ್ತವೆ? 2025ರ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್’ ಎಂಬ ರಾಕ್ಷಸರ ಕಾರ್ಟೂನು ನಮ್ಮ ದೇಶದ ಚಿತ್ರಮಂದಿರಗಳಿಗೆ ಬಂತು. ಹಿಂದಿ, ತಮಿಳು, ತೆಲುಗು ದನಿಗಳಿದ್ದವು. ಕನ್ನಡ ದನಿ ಇರಲಿಲ್ಲ. ಕನ್ನಡದಲ್ಲಿ ಡಬ್ಬಿಂಗಿಗೆ 1960ರ ದಶಕದಿಂದ ಬಾಗಿಲು ಹಾಕಿತ್ತು. ಕಾನೂನಿನಿಂದಲ್ಲ, ಚಿತ್ರರಂಗದ ಕಟ್ಟುಪಾಡಿನಿಂದ. ನಮ್ಮ ಕಲಾವಿದರ, ಕಾರ್ಮಿಕರ ಅನ್ನ ಉಳಿಯಲೆಂದು ಹಾಕಿದ್ದು. ಆ ಕಾಳಜಿಯನ್ನು ನಾವು ಹಳಿಯುವುದಿಲ್ಲ. 2015ರಲ್ಲಿ ಭಾರತದ ಸ್ಪರ್ಧಾ ಆಯೋಗ ಆ ತಡೆ ತಪ್ಪೆಂದು ತೀರ್ಪು ಕೊಟ್ಟಿತು. ಕಾರ್ಟೂನಿಗೆ ದನಿ ಕೊಡುವವನೂ ಕೂಲಿಗೆ ದುಡಿಯುವವನೇ ಅಲ್ಲವೆ? ಆ ಕೂಲಿ ಕನ್ನಡದವರಿಗೂ ಸಿಗಲಿ.

ಕನ್ನಡ ದನಿ ಬಂದರೂ ಅದು ಯಾವ ಕನ್ನಡ? ಕಲಬುರಗಿ ಕಡೆಯ ಮಾತು ಪರದೆಯ ಮೇಲೆ ಬಂದರೆ ಜನ ನಗಲೆಂದೇ ಬರುತ್ತದೆ. ಕರಾವಳಿಯವರು 2022ರ ‘ಕಾಂತಾರ’ದಲ್ಲಿ ತಮ್ಮ ನುಡಿ, ತಮ್ಮ ದೈವ, ತಮ್ಮ ಭೂಮಿಯ ತಕರಾರು ಎಲ್ಲವನ್ನೂ ತಂದರು, ನಾಡೆಲ್ಲ ನೋಡಿತು. ಶಹಾಬಾದಿನ ಕಲ್ಲಿನ ಗಣಿಯಲ್ಲಿ, ವಾಡಿಯ ಸಿಮೆಂಟಿನ ಧೂಳಿನಲ್ಲಿ, ತೊಗರಿ ಬೇಳೆಯ ಮಿಲ್ಲಿನಲ್ಲಿ ದೆವ್ವದ ಕತೆಗೆ ಬರವೇ? ಮುಂದಿನ ಸಭೆಗೆ ಬರುವಾಗ ನಿಮ್ಮ ಮನೆಯ ಹಿರಿಯರಿಂದ ಒಂದೊಂದು ಕತೆ ಕೇಳಿಕೊಂಡು ಬನ್ನಿ, ಅವರ ಬಾಯಿಮಾತಿನಲ್ಲೇ. ಲಂಬಾಣಿಯಲ್ಲಿದ್ದರೂ ಸರಿ, ಉರ್ದುವಿನಲ್ಲಿದ್ದರೂ ಸರಿ. ಬರೆದಿಟ್ಟುಕೊಳ್ಳುವ ಕೆಲಸ ನಮ್ಮದು.

ರಾತ್ರಿ ಪಾಳಿಯವರಿಗೆ ಹೊತ್ತಾಯಿತು, ಅವರು ಹೊರಡಲಿ. ಉಳಿದವರು ಏನಾದರೂ ಕೇಳುವುದಿದ್ದರೆ ಕೇಳ್ರಿ.