ನಾಡಬಿಲ್ಲಿನ ಬೇಟೆ

ಬೇಟೆಯೆಂದೊಡನೆ ಪಟ್ಟಣವಾಸಿಗಳಾದ ನಮ್ಮ ಮನಸ್ಸಿಗೆ ಹುಲಿಯೋ ಆನೆಯೋ ಬರುವುದು. ಅಥವಾ ದೊಡ್ಡವರ ಮನೆಯ ನಡುಮನೆಯಲ್ಲಿ ಗೋಡೆಗೆ ತೂಗುಹಾಕಿದ ಕಾಡೆಮ್ಮೆಯ ಕೊಂಬುಗಳು ಬರುವುವು. ಈ ಹೊತ್ತು ನಾವು ಪ್ರಸ್ತಾಪಿಸಬೇಕೆಂದಿರುವುದು ಅಂಥ ದೊಡ್ಡ ಬೇಟೆಯನ್ನಲ್ಲ. ಮೊಲ, ಕೌಜುಗ, ಲಾವಕ್ಕಿ, ಬೆಳವ, ಈ ಸಣ್ಣ ಜೀವಗಳನ್ನು ಬಿದಿರಿನ ಬಿಲ್ಲಿನಿಂದ ಹೊಡೆದು ಅಂದಿನ ಸಾರಿಗೆ ದಾರಿ ಮಾಡಿಕೊಳ್ಳುತ್ತಿದ್ದ ಬಡವನ ಬೇಟೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಅರಸರ ಬೇಟೆಗೆ ಕವಿಗಳಿದ್ದರು, ಚಿತ್ರಗಾರರಿದ್ದರು. ಈ ಬೇಟೆಗೆ ಸಾಕ್ಷಿ ಹೇಳುವವರು ಕಡಿಮೆ.

ದಾವಣಗೆರೆ ತಾಲ್ಲೂಕಿನ ಲೋಕಿಕೆರೆಯಂಥ ಒಂದು ಊರನ್ನು ಕೇಳುಗರು ಮನಸ್ಸಿಗೆ ತಂದುಕೊಳ್ಳಬೇಕು. ಊರಿನ ಹೆಸರಿನಲ್ಲಿಯೇ ಕೆರೆಯಿದೆ. ದಾವಣಗೆರೆಯ ಹೆಸರಿನಲ್ಲಿಯೂ ಕೆರೆಯಿದೆ. ಬಯಲುಸೀಮೆಯಲ್ಲಿ ಕೆರೆಯಿದ್ದಲ್ಲಿ ಊರು, ಊರ ಸುತ್ತ ಜೋಳ ಹತ್ತಿಗಳ ಹೊಲ, ಹೊಲಗಳ ನಡುವೆ ಅಗಲವಾದ ಬದು, ಬದುವಿನಾಚೆ ಜಾಲಿ, ಕಾರೆ, ತಂಗಡಿಗಳ ಕುರುಚಲು. ದೊಡ್ಡ ಮೃಗಕ್ಕೆ ಇಲ್ಲಿ ಮರೆಯಿಲ್ಲ. ಮೊಲಕ್ಕೆ ಮಾತ್ರ ಇದು ಅರಮನೆಯೇ ಸರಿ. ಪೈರಿನಲ್ಲಿ ಮೇವು, ಬದುವಿನ ಹುಲ್ಲಿನಲ್ಲಿ ಹಾಸಿಗೆ, ಓಡಲು ಬಯಲು. ಆದುದರಿಂದ ಈ ಸೀಮೆಯ ಬೇಟೆ ಸ್ವಭಾವತಃ ಸಣ್ಣ ಬೇಟೆ.

ಅದಕ್ಕೆ ಬೇಕಾದ ಸಲಕರಣೆಯೂ ಸಣ್ಣದೇ. ಬಲಿತ ಬಿದಿರನ್ನು ಸೀಳಿ, ಹೊರಮೈಯ ಗಟ್ಟಿಯಾದ ಸಿಪ್ಪೆಯನ್ನು ಉಳಿಸಿಕೊಂಡು ಒಳಮೈಯನ್ನು ಹೆರೆದರೆ ಬಿಲ್ಲಿನ ದಬ್ಬೆ ಸಿದ್ಧವಾಗುವುದು. ಎಳೆತವನ್ನು ತಾಳತಕ್ಕದ್ದು ಆ ಹೊರಸಿಪ್ಪೆ. ಆದುದರಿಂದ ಅದು ಗುರಿಯ ಕಡೆಗಿರಬೇಕು, ಹೆರೆದ ಮೈ ಬಿಲ್ಲಾಳಿನ ಕಡೆಗಿರಬೇಕು. ನಾರನ್ನೋ ನರವನ್ನೋ ಹೊಸೆದರೆ ಹೆದೆಯಾಯಿತು. ಬೇಟೆ ಮುಗಿದೊಡನೆ ಹೆದೆಯನ್ನು ಇಳಿಸಿಡಬೇಕು. ಸದಾ ಏರಿಸಿಟ್ಟ ಬಿಲ್ಲು ಬಾಗಿದಂತೆಯೇ ನಿಂತು ಸತ್ವಗೆಡುವುದು. ದೊಡ್ಡ ಮೃಗಕ್ಕೆ ಕಬ್ಬಿಣದ ಚೂಪಾದ ಅಲಗು ಬೇಕು. ಹಕ್ಕಿಗೆ ಹಾಗಲ್ಲ. ಚೂಪಾದ ಬಾಣ ಹಕ್ಕಿಯ ಮೈಯನ್ನು ತೂರಿಕೊಂಡು ಹೋಗುವುದು, ಇಲ್ಲವೆ ಕೊಂಬೆಗೆ ನಾಟಿಕೊಂಡು ಅಲ್ಲಿಯೇ ಉಳಿಯುವುದು. ಆದುದರಿಂದ ತುದಿ ಮೊಂಡಾದ ಬಾಣ. ಅದರ ಪೆಟ್ಟಿಗೇ ಹಕ್ಕಿ ಕೆಳಗೆ ಬೀಳುವುದು. ಬಾಣದ ಬದಲು ಒಣಗಿಸಿದ ಮಣ್ಣಿನ ಉಂಡೆಯನ್ನು ಹಾರಿಸುವ ಬಿಲ್ಲೂ ಭರತಖಂಡದಲ್ಲಿ ಬಳಕೆಯಲ್ಲಿತ್ತು. ಹಿಂದೂಸ್ತಾನಿಯಲ್ಲಿ ಅದಕ್ಕೆ ಗುಲೇಲ್ ಎನ್ನುವರು. ಅದಕ್ಕೆ ಜೋಡಿ ಹೆದೆ, ನಡುವೆ ಉಂಡೆಯನ್ನಿಡಲು ಒಂದು ಪುಟ್ಟ ಪಟ್ಟಿ. ಬಿಡುವ ಕ್ಷಣದಲ್ಲಿ ಬಿಲ್ಲನ್ನು ಹಿಡಿದ ಮುಂಗೈಯನ್ನು ಕೊಂಚ ಓರೆ ತಿರುಗಿಸಬೇಕು; ತಪ್ಪಿದರೆ ಉಂಡೆ ಹಕ್ಕಿಗೆ ತಗಲದೆ ಹೆಬ್ಬೆರಳಿಗೆ ತಗಲುವುದು. ವಿದ್ಯೆ ಕಲಿಸುವುದಕ್ಕೆ ಇದಕ್ಕಿಂತ ಕಟ್ಟುನಿಟ್ಟಾದ ಉಪಾಧ್ಯಾಯರು ಸಿಕ್ಕರು.

ಆದರೆ ಬಿಲ್ಲು ಬೇಟೆಯ ಅರ್ಧ ಮಾತ್ರ. ಕೋವಿ ನೂರು ಗಜದ ಅಂತರವನ್ನು ನುಂಗಿಬಿಡುವುದು. ಬಿದಿರಿನ ಬಿಲ್ಲಾದರೋ ಇಪ್ಪತ್ತು ಮೂವತ್ತು ಹೆಜ್ಜೆಯಾಚೆ ಸಣ್ಣ ಗುರಿಯನ್ನು ನೆಚ್ಚಿಕೊಳ್ಳಲಾರದು. ಉಳಿದ ದೂರವನ್ನೆಲ್ಲ ಬೇಟೆಗಾರನು ತನ್ನ ತಿಳಿವಳಿಕೆಯಿಂದಲೇ ಕ್ರಮಿಸಬೇಕು. ಮೊಲ ಇರುಳಿನಲ್ಲಿ ಮೇದು ಹಗಲಿನಲ್ಲಿ ಹುಲ್ಲಿನ ನಡುವೆ ಅಡಗಿ ಕೂತಿರುವುದು. ಅದರ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ಸುತ್ತಲ ನೋಟವೆಲ್ಲ ಅದಕ್ಕೆ ಕಾಣುವುದು. ಮೂಗಿನ ನೇರದಲ್ಲಿರುವುದು ಮಾತ್ರ ಅಷ್ಟು ಚೆನ್ನಾಗಿ ಕಾಣದು. ಕಾಲಬುಡಕ್ಕೆ ಬರುವವರೆಗೂ ಅಲುಗಾಡದೆ ಕುಳಿತು, ಥಟ್ಟನೆ ಎದ್ದು ಓಡುವುದು. ಓಡಿದ ಮೇಲೆ ಬಳಸಿಕೊಂಡು ತನ್ನ ಹಳೆಯ ಎಡೆಯ ಕಡೆಗೇ ಬರುವುದುಂಟು. ಇದನ್ನು ಬಲ್ಲವನು ಬೆನ್ನಟ್ಟುವುದಿಲ್ಲ, ಕಾಯುತ್ತಾನೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಹಿಕ್ಕೆ ಹಸಿಯೋ ಒಣಗಿದುದೋ, ಕೌಜುಗದ ಕೂಗು ನಿಂತದ್ದು ಏತಕ್ಕೆ, ಇದೆಲ್ಲವೂ ಅವನಿಗೆ ತೆರೆದ ಪುಸ್ತಕ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ನಮ್ಮ ಗಾದೆ ಹಠಮಾರಿಯನ್ನು ಹಾಸ್ಯಮಾಡುವುದು ನಿಜ; ಆದರೆ ಮೊಲವನ್ನು ಹಿಡಿದವನು ಊರಿನಲ್ಲಿ ಎಷ್ಟು ಗಟ್ಟಿಯಾಗಿ ಮಾತನಾಡಬಲ್ಲವನಾಗಿದ್ದನೆಂಬುದನ್ನೂ ಅದು ಹೇಳುತ್ತದೆ.

ಈ ವಿದ್ಯೆಯನ್ನು ಕುಲವೃತ್ತಿಯಾಗಿ ಹೊತ್ತವರು ಬೇಡರು. ಹಳಗನ್ನಡದ ಬೇಂಟೆ ಎಂಬ ಮಾತಿಗೂ ಬೇಡ ಎಂಬ ಹೆಸರಿಗೂ ಬೇರು ಒಂದೇ. ತಮಿಳಿನ ವೇಟ್ಟೈ, ವೇಡನ್ ಎಂಬ ಮಾತುಗಳೂ ಅದೇ ಬೇರಿನವು. ಇವರಲ್ಲಿ ಊರಬೇಡರೆಂದೂ ಮ್ಯಾಸಬೇಡರೆಂದೂ ಎರಡು ಪಂಗಡ. ಮ್ಯಾಸಬೇಡರು ದೇವರ ಎತ್ತುಗಳನ್ನು ಸಾಕುವವರು, ಕೋಳಿಯನ್ನು ಮುಟ್ಟದವರು. ಕಾಡಿನ ಬೇಟೆಯ ಜನ ಮನೆಯ ಕೋಳಿಯನ್ನು ಬಿಟ್ಟಿರುವುದು ಯೋಚಿಸತಕ್ಕ ವಿಷಯ. ಈ ಜನರಿಂದಲೇ ಚಿತ್ರದುರ್ಗದ ನಾಯಕರು ಹುಟ್ಟಿಬಂದರು. ದಾವಣಗೆರೆಯೂ 1997ರಲ್ಲಿ ಬೇರೆ ಜಿಲ್ಲೆಯಾಗುವವರೆಗೆ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. 1779ರಲ್ಲಿ ಹೈದರಾಲಿ ದುರ್ಗವನ್ನು ಹಿಡಿದ ಮೇಲೆ ಸುಮಾರು 20,000 ಜನರನ್ನು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿ, ಹುಡುಗರನ್ನು ಆರಿಸಿ ಪಟಾಲಮುಗಳನ್ನು ಕಟ್ಟಿದನೆಂದು ರೈಸ್ ಸಾಹೇಬರ ಗೆಜೆಟಿಯರಿನಲ್ಲಿ ಬರೆದಿದೆ. ಗುರಿಕಾರರ ಬೆಲೆಯನ್ನು ಗೆದ್ದವನೂ ಬಲ್ಲವನಾಗಿದ್ದನು. 1857ರಲ್ಲಿ ಕುಂಪಣಿ ಸರ್ಕಾರ ಜನರ ಆಯುಧಗಳನ್ನು ಕಸಿಯಹೊರಟಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಪ್ರತಿಭಟಿಸಿ ಪ್ರಾಣ ತೆತ್ತರು. ಅವರನ್ನು ಕುರಿತ ಲಾವಣಿಯನ್ನು ಫ್ಲೀಟ್ ಸಾಹೇಬರು ಸಂಗ್ರಹಿಸಿ ಅಚ್ಚುಮಾಡಿಸಿದರು. ಆಯುಧವೆಂದರೆ ಅವರಿಗೆ ಅನ್ನವೂ ಮಾನವೂ ಆಗಿತ್ತು.

ನಮ್ಮ ಸಾಹಿತ್ಯದಲ್ಲಿ ಬೇಟೆಗೆ ಬಹಳ ಹಿಂದಿನಿಂದ ಮರ್ಯಾದೆಯಿದೆ. ಪಂಪನು 941ರ ವೇಳೆಗೆ ರಚಿಸಿದ ವಿಕ್ರಮಾರ್ಜುನವಿಜಯದಲ್ಲಿ ಬೇಟೆಯ ವರ್ಣನೆಯಿದೆ. ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮೃಗಯಾವಿನೋದಕ್ಕೆ ಸ್ಥಳ ದೊರೆತಿದೆ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು, ಕಾಳಿಯೆಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಎರಡೂ ಸತ್ತುದನ್ನು ಹತ್ತನೆಯ ಶತಮಾನದಿಂದ ಹೇಳುತ್ತ ನಿಂತಿದೆ. ಬೇಡರ ಕಣ್ಣಪ್ಪನಾದರೋ ಬೇಟೆಯ ಮಾಂಸವನ್ನೇ ಶಿವನಿಗೆ ನೈವೇದ್ಯವಾಗಿ ಒಪ್ಪಿಸಿ ಭಕ್ತರ ಸಾಲಿನಲ್ಲಿ ನಿಂತವನು. ನಾಯಿಗೆ ಕಲ್ಲು ನಿಲ್ಲಿಸಿದ ನಾಡು, ಬೇಡನನ್ನು ಶರಣನೆಂದು ಕೈಮುಗಿದ ನಾಡು ಇದು.

ಇಷ್ಟು ಹೇಳಿದ ಮೇಲೆ, ಆ ಬೇಟೆ ಮತ್ತೆ ನಡೆಯಬೇಕೆಂದು ನಾವು ವಾದಿಸುತ್ತಿರುವೆವೋ ಎಂದು ಕೇಳಬಹುದು. ಇಲ್ಲ. ಮೈಸೂರು ಸಂಸ್ಥಾನದಲ್ಲಿ 1901ರಷ್ಟು ಹಿಂದೆಯೇ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ರಕ್ಷಣೆಗಾಗಿ ಒಂದು ರೆಗ್ಯುಲೇಷನ್ ಜಾರಿಗೆ ಬಂದಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ಬಿಗಿಯಾಗಿ ಕಟ್ಟಿಹಾಕಿತು. 1991ರ ತಿದ್ದುಪಡಿಯಿಂದ ಲೈಸೆನ್ಸು ಪಡೆದು ಬೇಟೆಯಾಡುವ ಪದ್ಧತಿಯೂ ಕೊನೆಗಂಡಿತು. ಈಗ ಹಬ್ಬದ ಹೆಸರಿನಲ್ಲಿ ಮೊಲವನ್ನು ಹೊಡೆದರೂ ಅಪರಾಧವೇ.

ಇಲ್ಲಿ ಬೇಡರ ಪರವಾಗಿ ಒಂದು ಮಾತು ಹೇಳಲೇಬೇಕು. ಬಯಲನ್ನು ಬರಿದುಮಾಡಿದ್ದು ಬಿದಿರಿನ ಬಿಲ್ಲೆ? ಇಪ್ಪತ್ತು ಹೆಜ್ಜೆಯ ಆಯುಧಕ್ಕೆ ತನ್ನ ಮಿತಿಯೇ ಕಾಯಿದೆಯಾಗಿತ್ತು. ಹತ್ತು ಸಲ ಹೊರಟವನು ಒಂದೆರಡು ಸಲ ಬರಿಗೈಯಲ್ಲಿ ಬಾರದಿದ್ದರೆ ಅದೇ ಹೆಚ್ಚು. ಕೋವಿ ಬಂದಿತು, ಮೋಟಾರು ಬಂದಿತು, ಇರುಳಿನಲ್ಲಿ ಕಣ್ಣು ಕುಕ್ಕುವ ದೀಪ ಬಂದಿತು. ಭದ್ರಾ ನಾಲೆಗಳು ಬಂದು ದಾವಣಗೆರೆ ಹರಿಹರಗಳ ಬಹುಭಾಗ ಭತ್ತದ ಗದ್ದೆಯಾಯಿತು. ಅನ್ನ ಬೆಳೆದುದಕ್ಕೆ ನಾವು ಸಂತೋಷಪಡತಕ್ಕದ್ದೇ. ಆದರೆ ಬದು ಕಿರಿದಾಯಿತು, ಕುರುಚಲು ಹೋಯಿತು, ಅದರೊಡನೆ ಮೊಲದ ಹಾಸಿಗೆಯೂ ಹೋಯಿತು. ಕೆಡಿಸಿದವರು ಅನೇಕರು, ಕೈಕಟ್ಟಿಸಿಕೊಂಡವನಲ್ಲಿ ಬಿಲ್ಲಿನವನೂ ಒಬ್ಬ. ಇದು ನ್ಯಾಯವೆ ಎಂದು ಅವನು ಕೇಳಿದರೆ ನಾವು ತಲೆತಗ್ಗಿಸಬೇಕಾದೀತು. ಆದರೂ ಕಾಯಿದೆ ಬೇಕು. ಏಕೆಂದರೆ ಮೊಲಕ್ಕೆ ಬಿಲ್ಲಿನ ಸಾವೂ ಕೋವಿಯ ಸಾವೂ ಒಂದೇ; ಅಳಿದುಳಿದ ಕೆಲವಕ್ಕೆ ಹಳೆಯ ಲೆಕ್ಕ ಹೊಂದದು. ಹರಿಹರದಿಂದ ತುಂಗಭದ್ರೆಯನ್ನು ದಾಟಿದರೆ ಸಿಕ್ಕುವ ರಾಣೆಬೆನ್ನೂರು ಸೀಮೆಯಲ್ಲಿ 1974ರಲ್ಲಿ ಕೃಷ್ಣಮೃಗಗಳಿಗಾಗಿಯೂ, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ 2011ರಲ್ಲಿ ಕೊಂಡುಕುರಿಗಾಗಿಯೂ ಅಭಯಾರಣ್ಯಗಳನ್ನು ಮಾಡಬೇಕಾಯಿತೆಂದರೆ, ಬಯಲಿನ ಪ್ರಾಣಿಗಳ ಪಾಡು ಎಲ್ಲಿಗೆ ಬಂದಿತೆಂಬುದು ತಿಳಿಯುತ್ತದೆ.

ಬೇಟೆ ನಿಲ್ಲಲಿ, ಬೇಟೆಯ ವಿದ್ಯೆಯೂ ಸಾಯಬೇಕೆ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಯಾಹಿ ಎಂಬ ಮೂಲನಿವಾಸಿ ಕುಲವೆಲ್ಲ ನಾಶವಾಗಿ, ಇಷಿ ಎಂಬ ಒಬ್ಬನೇ ಉಳಿದು 1911ರಲ್ಲಿ ನಾಗರಿಕರ ಕೈಗೆ ಸಿಕ್ಕಿದನು. ಪೋಪ್ ಎಂಬ ವೈದ್ಯರು ಅವನ ಬಳಿ ಕುಳಿತು ಬಿಲ್ಲು ಮಾಡುವುದನ್ನೂ ಗುರಿ ಹಿಡಿಯುವುದನ್ನೂ ಕಲಿತರು. 1916ರಲ್ಲಿ ಇಷಿ ತೀರಿಕೊಂಡನು. 1923ರಲ್ಲಿ ಪೋಪರ ಪುಸ್ತಕ ಹೊರಬಂದು, ಆ ದೇಶದಲ್ಲಿ ಬಿಲ್ಲುವಿದ್ಯೆ ಹೊಸ ಹುಟ್ಟು ಪಡೆಯಿತು. ಕಲಿಸುವವನೊಬ್ಬ, ಕಲಿಯುವವನೊಬ್ಬ, ಇಬ್ಬರಿದ್ದರೆ ಸಾಕಾಯಿತು. ನಮ್ಮ ದೇಶದಲ್ಲಿಯೇ ರಾಜಸ್ಥಾನದ ಉದಯಪುರದ ಕಡೆಯ ಗಿರಿಜನರ ಮನೆಯಲ್ಲಿ ಹುಟ್ಟಿದ ಲಿಂಬಾರಾಮರು ಬಿದಿರಿನ ಬಿಲ್ಲಿನಿಂದ ಹಕ್ಕಿಗಳನ್ನು ಹೊಡೆಯುತ್ತ ಬೆಳೆದ ಹುಡುಗ. 1987ರಲ್ಲಿ ಸರ್ಕಾರದ ಪರೀಕ್ಷಕರ ಕಣ್ಣಿಗೆ ಬಿದ್ದರು. 1992ರಲ್ಲಿ ಬೀಜಿಂಗಿನಲ್ಲಿ ವಿಶ್ವದಾಖಲೆಯನ್ನು ಸರಿಗಟ್ಟಿದರು. ಮೂರು ಒಲಿಂಪಿಕ್ ಕೂಟಗಳಲ್ಲಿ ಭಾರತದ ಪರವಾಗಿ ಬಿಲ್ಲು ಹಿಡಿದರು. ಹಕ್ಕಿಯನ್ನು ಬಿಟ್ಟು ಹಲಗೆಯನ್ನು ಗುರಿಮಾಡಿಕೊಂಡರೂ ಕೈಯ ವಿದ್ಯೆ ಕೈಯಲ್ಲಿಯೇ ಉಳಿಯಿತು. ಬಯಲುಸೀಮೆಯ ಊರುಗಳಲ್ಲಿಯೂ ಅಂಥ ಕೈ ಎಷ್ಟಿರಬಹುದೆಂದು ನೋಡಿದವರು ಯಾರು? ಹೆಜ್ಜೆ ನೋಡಿ ಪ್ರಾಣಿಯ ವಯಸ್ಸನ್ನು ಹೇಳಬಲ್ಲ ಕಣ್ಣಿಗೆ ಅಭಯಾರಣ್ಯದ ಕಾವಲಿಗಿಂತ ತಕ್ಕ ಕೆಲಸ ಯಾವುದು?

ಕಡೆಯದಾಗಿ ಒಂದು ವಿಚಾರ. ಬೇಡ ನಾಯಕ ಜನರು ವಾಲ್ಮೀಕಿಯನ್ನು ತಮ್ಮ ಕುಲಗುರುವೆಂದು ಪೂಜಿಸುತ್ತಾರೆ; ಅವರ ಗುರುಪೀಠ ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿಯೇ ಇದೆ. ಆದಿಕಾವ್ಯದ ಹುಟ್ಟನ್ನು ಕೇಳುಗರೆಲ್ಲ ಬಲ್ಲರು. ಜೋಡಿಯಾಗಿದ್ದ ಕ್ರೌಂಚಪಕ್ಷಿಗಳಲ್ಲಿ ಒಂದನ್ನು ಬೇಡನು ಹೊಡೆದನು. ಅದನ್ನು ಕಂಡ ಮುನಿಯ ಶೋಕ ಶ್ಲೋಕವಾಯಿತು. ಯೋಚಿಸಿ ನೋಡಿದರೆ ಅದೂ ಬಿಲ್ಲಿನ ಸಣ್ಣ ಬೇಟೆಯೇ. ಲೋಕರೂಢಿಯ ಕಥೆಯಂತೆ ಆ ಮುನಿಯೂ ಪೂರ್ವದಲ್ಲಿ ಬೇಡನಾಗಿದ್ದವನು. ಹಕ್ಕಿಯನ್ನು ಹೊಡೆಯಬಲ್ಲ ಕೈಯೂ ಹಕ್ಕಿಗಾಗಿ ಮರುಗಬಲ್ಲ ಮನಸ್ಸೂ ಒಂದೇ ಕುಲದಲ್ಲಿ ಇದ್ದುವೆಂದು ಆ ಕಥೆ ಹೇಳುವಂತಿದೆ. ಬೇಟೆಗಾರನಷ್ಟು ಹತ್ತಿರದಿಂದ ಪ್ರಾಣಿಯನ್ನು ಕಂಡವರು ಬೇರೆ ಯಾರೂ ಇಲ್ಲ. ಮರುಕಕ್ಕೆ ಮೊದಲು ಬೇಕಾದದ್ದು ಆ ಹತ್ತಿರದ ನೋಟವೇ.

ಆದುದರಿಂದ ನಮ್ಮ ಕೋರಿಕೆ ಇಷ್ಟೆ. ಹಳ್ಳಿಯ ಕಡೆಗೆ ಹೋದ ವಿದ್ಯಾವಂತರು ಬಿಲ್ಲು ಹಿಡಿದು ಬಾಳಿದ ಮುದುಕರು ಸಿಕ್ಕಿದರೆ ಅವರ ಪಕ್ಕದಲ್ಲಿ ಅರ್ಧ ಗಳಿಗೆ ಕುಳಿತುಕೊಳ್ಳಲಿ. ಅಪರಾಧಿಯನ್ನು ವಿಚಾರಿಸುವಂತೆ ಕೇಳದೆ, ಉಪಾಧ್ಯಾಯರನ್ನು ಕೇಳುವಂತೆ ಕೇಳಲಿ. ದಬ್ಬೆಯ ಆಯ್ಕೆ, ಹೆದೆಯ ಹೊಸೆತ, ಹುಲ್ಲಿನ ಹೆಸರು, ಹಕ್ಕಿಯ ಕೂಗು, ಇವನ್ನೆಲ್ಲ ಬರೆದುಕೊಳ್ಳಲಿ. ಬದುವಿನ ಮೊಲ ಬದುವಿನಲ್ಲಿಯೇ ಇರಲಿ. ಮುದುಕರ ಮಾತು ಮಾತ್ರ ಅವರೊಡನೆ ಮಣ್ಣಾಗದಿರಲಿ.