ರಕ್ಷಣೆಗೂ ಅಂದಾಜುಪಟ್ಟಿಯಲ್ಲಿ ಒಂದು ಸಾಲು

ಹೆದ್ದಾರಿ ಇಲಾಖೆಯ ಎಂಜಿನಿಯರುಗಳೇ, ಕಾರ್ಮಿಕ ಇಲಾಖೆಯ ಅಧಿಕಾರಿಗಳೇ, ಗುತ್ತಿಗೆದಾರ ಮಿತ್ರರೇ, ಮೇಸ್ತ್ರಿಗಳೇ, ಇವತ್ತಿನ ಕೂಲಿ ಬಿಟ್ಟು ದಿಂಡಿಗಲ್, ತೇಣಿ ಮತ್ತು ಕಂಬಂ ಕಣಿವೆಯ ಊರುಗಳಿಂದ ಬಂದಿರುವ ರಸ್ತೆ ಕೆಲಸದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಈ ಕಣಿವೆಯ ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡ ಉಳಿದುಬಂದಿದೆ. ಅಧ್ಯಕ್ಷ ಭಾಷಣವನ್ನು ಮನೆಮಾತಿನಲ್ಲೇ ಮಾಡಲು ಒಪ್ಪಿದ ಸ್ವಾಗತ ಸಮಿತಿಗೆ ನಾನು ಋಣಿ. ತಮಿಳಿನ ಪ್ರತಿ ನಿಮ್ಮ ಕೈಯಲ್ಲಿದೆ. ನನಗಿಂತ ಮೊದಲು ಈ ಸ್ಥಾನದಲ್ಲಿದ್ದ ಹಿರಿಯರು ತಮ್ಮ ಕಾಲಕ್ಕೆ ತಕ್ಕಂತೆ ದುಡಿದಿದ್ದಾರೆ, ಅವರಿಗೆ ವಂದನೆ. ಇನ್ನು ವಿಷಯಕ್ಕೆ ಬರುತ್ತೇನೆ.

ನಮ್ಮ ರಸ್ತೆಗಳು ಎಂಥವು ಎಂಬುದು ನಿಮಗೆ ಗೊತ್ತು. ದಿಂಡಿಗಲ್ಲಿನಿಂದ ವತ್ತಲಗುಂಡು, ಪೆರಿಯಕುಳಂ, ತೇಣಿ, ಉತ್ತಮಪಾಳಯಂ, ಕಂಬಂ, ಗೂಡಲೂರು ದಾಟಿ ಕುಮಳಿ ಘಾಟಿ ಹತ್ತುವ ರಾಷ್ಟ್ರೀಯ ಹೆದ್ದಾರಿ 183 ಒಂದು ಕಡೆ. ಮದುರೆಯಿಂದ ತೇಣಿಗೆ ಬಂದು ಬೋಡಿಮೆಟ್ಟು ಏರಿ ಮುನ್ನಾರಿಗೆ ಹೋಗುವ 85 ಇನ್ನೊಂದು ಕಡೆ. ಬೆಳಗಿನ ಜಾವ ಏಲಕ್ಕಿ ತೋಟಕ್ಕೆ ಕೂಲಿಯವರನ್ನು ತುಂಬಿಕೊಂಡ ಜೀಪುಗಳು, ಆಮೇಲೆ ಕೇರಳಕ್ಕೆ ತರಕಾರಿ, ಬಾಳೆ ಸಾಗಿಸುವ ಲಾರಿಗಳು, ಕಾರ್ತಿಕದಿಂದ ಮಕರಜ್ಯೋತಿಯವರೆಗೆ ಶಬರಿಮಲೆಯ ಯಾತ್ರಿಕರು. ಈ ರಸ್ತೆಗಳನ್ನು ಒಂದು ದಿನವೂ ಮುಚ್ಚಲಾಗದು. ಹಾಗಾಗಿ ಅರ್ಧ ರಸ್ತೆಯಲ್ಲಿ ವಾಹನ ಬಿಟ್ಟು, ಇನ್ನರ್ಧದಲ್ಲಿ ಕೆಲಸ ಮಾಡುತ್ತೇವೆ. ಗಂಟೆಗೆ 80 ಕಿಲೋಮೀಟರ್ ವೇಗದ ಲಾರಿ ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಘಾಟಿಯಲ್ಲಿ ವೇಗ ಕಡಿಮೆ, ಆದರೆ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಪ್ರಪಾತ. ಓಡಿ ತಪ್ಪಿಸಿಕೊಳ್ಳಲು ಜಾಗವಿಲ್ಲ. ಇದರ ಜೊತೆಗೆ ಬಿಸಿ. ನಾವು ಸಾಮಾನ್ಯವಾಗಿ ಬಳಸುವ ವಿಜಿ-30 ಡಾಂಬರಿನ ಮಿಶ್ರಣವನ್ನು 140 ಡಿಗ್ರಿಗಿಂತ ಕಡಿಮೆ ಬಿಸಿಯಲ್ಲಿ ಹಾಸಬಾರದೆಂದು ನಿಯಮವಿದೆ. ಅದರ ಪಕ್ಕದಲ್ಲಿ ನಮ್ಮ ಹೆಣ್ಣುಮಕ್ಕಳು ರಬ್ಬರ್ ಚಪ್ಪಲಿಯಲ್ಲಿ ನಿಂತಿರುತ್ತಾರೆ.

ಏನು ಮಾಡಬೇಕೆಂಬುದು ಯಾರಿಗೂ ಗೊತ್ತಿಲ್ಲದ್ದಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಎಸ್‌ಪಿ 55 ಎಂಬ ಕೈಪಿಡಿ 2014ರಲ್ಲೇ ಪರಿಷ್ಕೃತವಾಗಿ ಬಂದಿದೆ. ಮುನ್ನೆಚ್ಚರಿಕೆಯ ವಲಯ, ವಾಹನ ಪಕ್ಕಕ್ಕೆ ಸರಿಯುವ ವಲಯ, ಕೆಲಸದ ವಲಯ, ಮುಕ್ತಾಯದ ವಲಯ ಎಂದು ನಾಲ್ಕು ಭಾಗ ಮಾಡಿ, ಎಲ್ಲಿ ಯಾವ ಫಲಕ, ಎಲ್ಲಿ ತಡೆಗೋಡೆ, ಎಲ್ಲಿ ಬಾವುಟದವನು ಎಂದು ಚಿತ್ರ ಸಮೇತ ಹೇಳಿದೆ. ನಮ್ಮಲ್ಲಿ ಎಷ್ಟು ಕಡೆ ಅದು ನಡೆಯುತ್ತಿದೆ? ನಾಲ್ಕು ಕಲ್ಲು, ಒಂದು ಸೊಪ್ಪಿನ ಕೊಂಬೆ, ರಾತ್ರಿಯಾದರೆ ಅದೂ ಕಾಣದು. ಯಾಕೆ ಹೀಗೆ? ವರ್ಷಗಳಿಂದ ನಾನು ಕೊಡುತ್ತಿರುವ ಉತ್ತರ ಒಂದೇ: ರಕ್ಷಣೆಗೆ ಟೆಂಡರಿನಲ್ಲಿ ಹಣವಿಲ್ಲ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಕಾಮಗಾರಿ ನಿರ್ದಿಷ್ಟತೆಗಳ ಪುಸ್ತಕ, 2013ರ ಐದನೆಯ ಪರಿಷ್ಕರಣೆ, ನಮ್ಮೆಲ್ಲರ ಮೇಜಿನ ಮೇಲೂ ಇದೆ. ಅದರ 112ನೆಯ ವಿಭಾಗ ತೆಗೆದು ನೋಡಿ. ಕೆಲಸ ನಡೆಯುವಾಗ ಫಲಕ, ತಡೆ, ದೀಪ, ಬಾವುಟದವರು ಎಲ್ಲ ಇರಬೇಕು ಎನ್ನುತ್ತದೆ. ಅದೇ ವಿಭಾಗದ ಕೊನೆಗೆ ಬಂದರೆ, ಈ ಏರ್ಪಾಡುಗಳೆಲ್ಲ ಮುಖ್ಯ ಕೆಲಸದಲ್ಲೇ ಸೇರಿದವು, ಗುತ್ತಿಗೆದಾರನ ಹೊಣೆ, ಬೇರೆ ಪಾವತಿಯಿಲ್ಲ ಎಂದಿದೆ. ವಾಹನ ಹೋಗಲು ತಾತ್ಕಾಲಿಕ ದಾರಿ ಮಾಡಿಕೊಟ್ಟರೆ ಮೀಟರ್ ಲೆಕ್ಕದಲ್ಲಿ ಅಳತೆಯುಂಟು, ಬಿಲ್ಲುಂಟು. ಆ ದಾರಿಯ ಅಂಚಿನಲ್ಲಿ ಬಾವುಟ ಹಿಡಿದು ನಿಲ್ಲುವ ಮನುಷ್ಯನಿಗೆ ಅಳತೆಯಿಲ್ಲ, ಬಿಲ್ಲಿಲ್ಲ.

ಇದರ ಪರಿಣಾಮ ನೋಡಿ. ಕೆಲಸ ಸಿಗುವುದು ಕಡಿಮೆ ದರ ಬರೆದವನಿಗೆ. ಜಲ್ಲಿಯ ದರ ಇಳಿಸಲಾಗದು, ಡಾಂಬರಿನ ದರ ಕಂಪನಿಯ ಕೈಯಲ್ಲಿದೆ, ಡೀಸೆಲ್ ಯಾರಿಗೂ ಅಗ್ಗವಲ್ಲ. ಇಳಿಸಲು ಉಳಿಯುವುದು ಕಣ್ಣಿಗೆ ಕಾಣದ ಖರ್ಚು ಮಾತ್ರ. ಪ್ರತಿಫಲಿಸುವ ಜಾಕೆಟ್ಟು, ಬೂಟು, ದೀಪ, ಇಬ್ಬರು ಬಾವುಟದವರ ಕೂಲಿ ಎಲ್ಲ ಸೇರಿಸಿ ಪ್ರಾಮಾಣಿಕವಾಗಿ ದರ ಬರೆದವನು ಸೋಲುತ್ತಾನೆ. ನಾನೂ ಹಾಗೆ ಬರೆದು ಕೆಲಸ ಕಳೆದುಕೊಂಡಿದ್ದೇನೆ, ಅದೇ ಕೆಲಸ ದೀಪವಿಲ್ಲದೆ ನಡೆಯುವುದನ್ನು ದಾರಿಯಲ್ಲಿ ಹೋಗುತ್ತಾ ನೋಡಿದ್ದೇನೆ. ಇದನ್ನು ಒಬ್ಬ ಹಿರಿಯ ಅಧಿಕಾರಿಯ ಮುಂದಿಟ್ಟಾಗ, "ನಿಮ್ಮ ಲಾಭದಲ್ಲಿ ಕೊಡಿ" ಎಂದರು. ಲಾಭದಿಂದ ಕೊಡುವುದು ದಾನ. ದಾನವನ್ನು ಯಾವ ಎಂಜಿನಿಯರೂ ಅಳೆಯಲಾರ, ಕೊಡದಿದ್ದರೆ ಬಿಲ್ಲು ಹಿಡಿಯಲಾರ.

ನಮ್ಮ ಗುತ್ತಿಗೆದಾರರ ಮೇಲೂ ನನಗೆ ಸಿಟ್ಟಿದೆ. ಪ್ರತ್ಯೇಕ ಬಾಬ್ತು ಕೇಳೋಣ ಎಂದಾಗ ನಮ್ಮೊಳಗೇ ಕೆಲವರು ವಿರೋಧಿಸಿದರು. ಒಟ್ಟು ಮೊತ್ತ ಕೊಟ್ಟರೆ ಸಾಕು, ಎಣಿಸುವುದು ಬೇಡ ಎಂಬುದು ಅವರ ವಾದ. ಎಣಿಸದ ಹಣ ಎಲ್ಲಿಗೆ ಹೋಗುತ್ತದೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಆ ಜಗಳದಲ್ಲಿ ಹಳೆಯ ಸ್ನೇಹಗಳು ಮುರಿದವು. ಆದರೂ ನನ್ನ ನಿಲುವು ಬದಲಾಗಿಲ್ಲ: ಫಲಕಕ್ಕೆ ಸಂಖ್ಯೆ, ತಡೆಗೋಡೆಗೆ ಮೀಟರ್, ಬಾವುಟದವರಿಗೆ ಆಳು ಲೆಕ್ಕ, ದೀಪಕ್ಕೆ ರಾತ್ರಿ ಲೆಕ್ಕ.

ಇದು ಆಗದ ಮಾತೇನಲ್ಲ. ಅಮೆರಿಕದ ಕೇಂದ್ರ ಹೆದ್ದಾರಿ ಆಡಳಿತ 2007ರಲ್ಲೇ ನಿಯಮ ಮಾಡಿ, ಕೆಲಸದ ವಲಯದ ಸಂಚಾರ ರಕ್ಷಣೆಯ ಖರ್ಚನ್ನು ಬೇರೆ ಬಾಬ್ತುಗಳಲ್ಲಿ ಅಡಗಿಸಬಾರದು, ಅದಕ್ಕೇ ಹಣ ಕೊಡಬೇಕು ಎಂದಿತು. ನಮ್ಮಲ್ಲಿ ಹಣಕ್ಕೆ ಮೊದಲು ದಂಡ ಬಂತು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಸೇರಿಸಿದ 198ಎ ಕಲಮಿನ ಪ್ರಕಾರ ಸುರಕ್ಷತೆಯ ಮಾನದಂಡ ಮೀರಿ ಸಾವು, ಅಂಗವೈಕಲ್ಯವಾದರೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಸತ್ತ ಮೇಲೆ ಲಕ್ಷ ವಸೂಲು ಮಾಡುವ ಸರ್ಕಾರ, ಬದುಕಿಸಲು ಅಂದಾಜುಪಟ್ಟಿಯಲ್ಲಿ ಒಂದು ಸಾಲು ಬರೆಯಬಾರದೇ?

ಕಾನೂನಿನ ಇನ್ನೊಂದು ಬಿರುಕು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ ರಸ್ತೆ ಕೆಲಸವೂ ಸೇರಿತ್ತು. ಅದರ ನಿಯಮಗಳಲ್ಲಿ 500 ಜನರಿದ್ದರೆ ಸುರಕ್ಷತಾ ಅಧಿಕಾರಿ ಕಡ್ಡಾಯವಾಗಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸುರಕ್ಷತೆಯ ಹೊಸ ಸಂಹಿತೆ ಅದನ್ನು 250ಕ್ಕೆ ಇಳಿಸಿದೆ. ಸಂತೋಷ. ಆದರೆ ಕಣಿವೆಯಲ್ಲಿ ತೇಪೆ ಹಾಕುವ ಗ್ಯಾಂಗಿನಲ್ಲಿ ಹದಿನೈದೋ ಇಪ್ಪತ್ತೋ ಜನ. ಅವರನ್ನು ಕಾಯುವವರು ಯಾರು? ನಾವು ಕಟ್ಟುವ ಶೇಕಡಾ 1ರ ಸೆಸ್ಸು ಕಲ್ಯಾಣ ಮಂಡಳಿಗೆ ಹೋಗಿ, ಸಾವಿನ ಪರಿಹಾರವಾಗಿ ಬರುತ್ತದೆ. ಸಾವಿಗೆ ಮೊದಲು ಅದರಿಂದ ಒಂದು ಫಲಕವೂ ಬರುವುದಿಲ್ಲ.

ಲೆಕ್ಕವೂ ಇಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಎಂದು ಸಚಿವಾಲಯದ ವರದಿ ಹೇಳುತ್ತದೆ. ಬೈಕಿನವರು, ಕಾರಿನವರು, ಪಾದಚಾರಿಗಳು ಎಂದು ಅದರಲ್ಲಿ ವಿಂಗಡಣೆಯಿದೆ. ರಸ್ತೆ ಕಾರ್ಮಿಕ ಎಂಬ ವಿಭಾಗವಿಲ್ಲ. ಸಲಿಕೆ ಹಿಡಿದು ಸತ್ತವನು ನಡೆದುಹೋಗುತ್ತಿದ್ದವನಾಗಿ ಸೇರಿಹೋಗುತ್ತಾನೆ. 1895ರಲ್ಲಿ ಪೆರಿಯಾರ್ ಅಣೆಕಟ್ಟು ಮುಗಿಸಿ ಈ ಕಣಿವೆಗೆ ನೀರು ತಂದ ಪೆನ್ನಿಕುಯಿಕ್ ಅವರಿಗೆ ಲೋವರ್ ಕ್ಯಾಂಪಿನಲ್ಲಿ ಸ್ಮಾರಕವಿದೆ, ಪೊಂಗಲಿನಲ್ಲಿ ನಾವು ಅವರನ್ನು ನೆನೆಯುತ್ತೇವೆ. ನೆನೆಯಬೇಕು. ಆ ಕಾಡಿನಲ್ಲಿ ಜ್ವರದಿಂದ ಸತ್ತ ಕೂಲಿಗಳ ಹೆಸರು ಮಾತ್ರ ನಮಗೆ ಬರುವುದಿಲ್ಲ. ಅಂದಿನ ಅಭ್ಯಾಸವನ್ನೇ ಇಂದೂ ಮುಂದುವರಿಸಬೇಕೇ?

ಲೆಕ್ಕಕ್ಕೆ ಬಾರದವರು ಸತ್ತವರಷ್ಟೇ ಅಲ್ಲ. 2002ರಲ್ಲಿ ತಮಿಳುನಾಡಿನ ಸುಮಾರು ಹತ್ತು ಸಾವಿರ ಸಾಲೈ ಪಣಿಯಾಳರನ್ನು, ಅಂದರೆ ಇಲಾಖೆಯ ರಸ್ತೆ ಕೆಲಸಗಾರರನ್ನು, ಕೆಲಸದಿಂದ ತೆಗೆದದ್ದು, 41 ತಿಂಗಳ ನಂತರ ವಾಪಸ್ ಕರೆದದ್ದು ನಿಮಗೆ ನೆನಪಿದೆ. ಆ ತಿಂಗಳುಗಳನ್ನು ಸೇವೆಯೆಂದು ಎಣಿಸಿ ಎಂಬ ಅವರ ಬೇಡಿಕೆ ನ್ಯಾಯವಾದದ್ದು. ತಿರುವು ತಿರುವಿನ ಅಪಾಯ ಬಲ್ಲ ಕಾಯಂ ಕೆಲಸಗಾರರನ್ನು ಕಳೆದುಕೊಂಡ ರಸ್ತೆ ಹೊಸಬರ ಜೀವ ತೆಗೆಯುತ್ತದೆ.

ಈಗ ನನ್ನ ಸಲಹೆಗಳು. ಒಂದು, ರಕ್ಷಣೆಗೆ ಕಾಮಗಾರಿ ಮೊತ್ತದ ಶೇಕಡಾ 1ನ್ನು ಇಲಾಖೆಯೇ ನಿಗದಿ ಮಾಡಿ, ದರದ ಪೈಪೋಟಿಯಿಂದ ಹೊರಗಿಡಲಿ. ಅಳತೆ ಪುಸ್ತಕದಲ್ಲಿ ಬರೆದಷ್ಟಕ್ಕೇ ಹಣ. ಎರಡು, ಫಲಕಗಳ ನಕ್ಷೆಗೆ ಎಂಜಿನಿಯರ್, ಗುತ್ತಿಗೆದಾರ ಇಬ್ಬರೂ ಸಹಿ ಮಾಡುವ ತನಕ ರಸ್ತೆ ಅಗೆಯಬಾರದು. ಮೂರು, ಸಣ್ಣ ಗ್ಯಾಂಗುಗಳಿಗೆಂದು ತಾಲ್ಲೂಕಿಗೊಬ್ಬ ತರಬೇತಿ ಪಡೆದ ಸುರಕ್ಷತಾ ಮೇಲ್ವಿಚಾರಕ ಇರಲಿ. ಸಂಬಳದ ಅರ್ಧ ನಾವು ಗುತ್ತಿಗೆದಾರರು ಕೊಡೋಣ, ಅರ್ಧ ಇಲಾಖೆ ಕೊಡಲಿ. ನಾಲ್ಕು, ಅಪಘಾತದ ದಾಖಲೆಯಲ್ಲಿ ರಸ್ತೆ ಕಾರ್ಮಿಕರಿಗೆ ಪ್ರತ್ಯೇಕ ಕಾಲಂ ಬರಲಿ. ಐದು, ಯಾತ್ರೆಯ ದಿನಗಳಲ್ಲಿ ಕುಮಳಿ ಘಾಟಿಯಲ್ಲಿ ತುರ್ತಲ್ಲದ ಕೆಲಸ ನಿಲ್ಲಲಿ. ಇನ್ನು ಆಸೆಗಳು: ತೇಣಿಯಲ್ಲಿ ರಸ್ತೆ ಕೆಲಸದ ಒಂದು ಶಾಲೆ, ಘಾಟಿಯ ಬುಡದಲ್ಲಿ ಸುಟ್ಟ ಗಾಯಗಳ ಒಂದು ವಾರ್ಡು, ಬಾವುಟ ಕಂಡೊಡನೆ ತಾನಾಗಿ ಬ್ರೇಕ್ ಒತ್ತುವ ಚಾಲಕರು. ಇವು ನನ್ನ ಕಾಲದಲ್ಲಿ ಆಗದಿರಬಹುದು, ಆದರೂ ಕೇಳುತ್ತೇನೆ.

ಮೊದಲ ಸಲಹೆಗೆ ಮಾತ್ರ ಕಾಯಲಾರೆ. ಮಧ್ಯಾಹ್ನದ ಸಭೆಯಲ್ಲಿ ಅದು ನಿರ್ಣಯವಾಗಿ ಬರುತ್ತದೆ. ಇಲಾಖೆಯ ಮಿತ್ರರು ಈ ವೇದಿಕೆಯಿಂದಲೇ ಹೌದು ಅಥವಾ ಇಲ್ಲ ಎನ್ನಬೇಕು. ಗುತ್ತಿಗೆದಾರರಲ್ಲಿ ನನ್ನ ಬೇಡಿಕೆ ಇಷ್ಟು: ಮುಂದಿನ ಪ್ರತಿ ಟೆಂಡರಿನ ಪೂರ್ವಸಭೆಯಲ್ಲಿ, ರಕ್ಷಣೆಯ ಬಾಬ್ತು ಎಲ್ಲಿದೆ ಎಂದು ಬರಹದಲ್ಲಿ ಕೇಳಿ. ಒಬ್ಬ ಕೇಳಿದರೆ ಅವನ ಹೆಸರು ಪಟ್ಟಿಯಿಂದ ಹೋಗುತ್ತದೆ. ಎಲ್ಲರೂ ಕೇಳಿದರೆ ಇಲಾಖೆ ಉತ್ತರ ಬರೆಯಲೇಬೇಕು.