ಮೇಲುಕೋಣೆಯಲ್ಲಿ ಕೂಡಿ ಕುಳಿತವರು
(ಪಂಚಾಶತ್ತಮ ಹಬ್ಬದ ಪ್ರಬೋಧನೆ)



ಪವಿತ್ರಾತ್ಮರನ್ನು ಪಡೆದು ಹೊರಗೆ ಬಂದ ಪ್ರೇಷಿತರನ್ನು ಕಂಡು ಜನರು ಏನೆಂದರು? ಇವರು ಕುಡಿದಿದ್ದಾರೆ ಎಂದು ಗೇಲಿ ಮಾಡಿದರು. ಇನ್ನೂ ಬೆಳಗಿನ ಒಂಬತ್ತು ಗಂಟೆ, ಇದು ಕುಡಿಯುವ ಹೊತ್ತಲ್ಲ ಎಂದು ಪೇತ್ರರು ಉತ್ತರಿಸಬೇಕಾಯಿತು. ನಮ್ಮ ಹಳ್ಳಿಗಳಲ್ಲಿ ಪೇತ್ರರ ಈ ವಾದ ಇಂದು ನಿಲ್ಲುವುದು ಕಷ್ಟ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗ ನಮ್ಮ ತಾಯಂದಿರು ಬಹಳ ಸಂತೋಷಪಟ್ಟರು. ಸಾರಾಯಿ ಹೋಯಿತು, ಆ ಜಾಗಕ್ಕೆ ಚಿಕ್ಕ ಪೊಟ್ಟಣದ ವಿಸ್ಕಿ ಬಂತು. ಕುಡಿತ ಹೋಗಲಿಲ್ಲ.

ಕೊಂಕಲ್ ಸುತ್ತಿನಿಂದ, ಶಹಾಪುರ, ಸುರಪುರದ ಕಡೆಯಿಂದ ಪೂಜೆಗೆ ಬರುವ ಕುಟುಂಬಗಳಲ್ಲಿ ಈ ನೋವು ಮುಟ್ಟದ ಮನೆ ಕಡಿಮೆ. ನಾವು ಸಾಮಾನ್ಯವಾಗಿ ಮಾಡುವುದೇನು? ಶಿಲುಬೆಯ ಮುಂದೆ ಕರೆತಂದು ಆಣೆ ಮಾಡಿಸುತ್ತೇವೆ. ಆತ ಅತ್ತು ಆಣೆ ಮಾಡುತ್ತಾನೆ, ಅದು ಸುಳ್ಳಲ್ಲ. ಮೂರು ವಾರಕ್ಕೆ ಮತ್ತೆ ಕುಡಿದರೆ ದೇವರಿಗೂ ಮೋಸ ಮಾಡಿದೆನೆಂಬ ಅಂಜಿಕೆಯಿಂದ ಪೂಜೆಗೂ ಬರುವುದಿಲ್ಲ. ಹೀಗೆ ಒಂದು ಆಣೆ ಒಬ್ಬ ಮನುಷ್ಯನನ್ನು ದೇವಾಲಯದಿಂದಲೇ ದೂರ ಮಾಡುತ್ತದೆ. ಕುಡಿತದ ಚಟ ರೋಗವೂ ಹೌದು ಎಂಬುದನ್ನು ನಾವು ಒಪ್ಪಿಕೊಳ್ಳಬೇಕು. ಕಾಮಾಲೆ ಬಂದವನಿಗೆ ಆಣೆ ಮಾಡಿಸುತ್ತೇವೆಯೇ?

ಪವಿತ್ರಾತ್ಮರು ಬಂದದ್ದು ಒಬ್ಬೊಬ್ಬರೇ ಮನೆಯಲ್ಲಿ ಕುಳಿತಿದ್ದಾಗ ಅಲ್ಲ. ಹೆದರಿದವರು, ಸೋತವರು, ಗುರುವನ್ನು ಅರಿಯೆನೆಂದವನೂ ಸೇರಿ ಎಲ್ಲರೂ ಒಟ್ಟಾಗಿದ್ದರು. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಇಂಥದೇ ಒಂದು ಸಣ್ಣ ಕೂಟ ಹುಟ್ಟಿತು. ಬಿಲ್ ವಿಲ್ಸನ್ ಎಂಬಾತ ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ವ್ಯಾಪಾರ ಕೈಕೊಟ್ಟು, ಹೋಟೆಲಿನಲ್ಲಿ ಒಂಟಿಯಾಗಿದ್ದಾಗ ಕುಡಿಯುವ ಆಸೆ ಬಂತು. ಆತ ಹುಡುಕಿದ್ದು ಉಪದೇಶ ಮಾಡುವವರನ್ನಲ್ಲ, ತನ್ನಂಥ ಇನ್ನೊಬ್ಬ ಕುಡುಕನನ್ನು. ಹಾಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್. ಆ ವರ್ಷದ ಜೂನ್ 10ರಿಂದ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ತನ್ನ ವಯಸ್ಸನ್ನು ಎಣಿಸುತ್ತದೆ. 1939ರಲ್ಲಿ ಅದೇ ಊರಿನ ಸಂತ ಥಾಮಸ್ ಆಸ್ಪತ್ರೆಯಲ್ಲಿ ಇವರ ರೋಗಿಗಳಿಗೆ ಹಾಸಿಗೆ ಕೊಡಿಸಿದವರು ಸಿಸ್ಟರ್ ಇಗ್ನೇಷಿಯಾ ಎಂಬ ನಮ್ಮ ಕನ್ಯಾಸ್ತ್ರೀ. ಭಾರತಕ್ಕೆ ಈ ಕೂಟ ಬಂದದ್ದು 1957ರಲ್ಲಿ.

ಅಲ್ಲಿ ನಡೆಯುವುದೇನು? ಹತ್ತಾರು ಕುರ್ಚಿ, ಒಂದು ಲೋಟ ಚಹಾ. ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು, ಫೀಸು ಇಲ್ಲ. ಒಬ್ಬರು ತಮ್ಮ ಕಥೆ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ನಡುವೆ ಬುದ್ಧಿವಾದ ಹೇಳುವುದಿಲ್ಲ. ಕೇಳಿದ್ದು ಹೊರಗೆ ಹೋಗಬಾರದು. ಜೀವಮಾನದ ಆಣೆ ಅಲ್ಲಿಲ್ಲ, ಇವತ್ತೊಂದು ದಿನ ಕುಡಿಯುವುದಿಲ್ಲ ಎಂಬುದಷ್ಟೇ. ಮೊದಲ ದಿನ ಮಾತಾಡಲೇಬೇಕೆಂದೂ ಇಲ್ಲ. ಒಂದು ಸಭೆ ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಬಹುದು.

ನಮ್ಮ ಹುಡುಗರು ಗೌಂಡಿ ಕೆಲಸಕ್ಕೆಂದು ಬೆಂಗಳೂರು, ಪುಣೆ, ಮುಂಬಯಿಗೆ ಹೋಗುತ್ತಾರಲ್ಲ, ಅಲ್ಲೆಲ್ಲ ಈ ಸಭೆಗಳಿವೆ. ಎಷ್ಟೋ ಸಭೆಗಳು ನಡೆಯುವುದೇ ಚರ್ಚಿನ, ಶಾಲೆಯ ಕೋಣೆಗಳಲ್ಲಿ. ಊರಿನಲ್ಲಿರುವವರಿಗೆ ಇನ್ನೊಂದು ದಾರಿಯಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಬಿಟ್ಟವರು ಮತ್ತೆ ಜಾರದಂತೆ ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ. ಅಲ್ಲಿ ಭಜನೆ ಮಾಡಿಸುತ್ತಾರೆ, ನಾವು ಹೇಗೆ ಹೋಗುವುದು ಎಂದು ಕೆಲವರು ಹಿಂಜರಿಯುತ್ತಾರೆ. ಹೋಗಿ ಎಂದೇ ನಾವು ಹೇಳುತ್ತೇವೆ. ಜೇಬಿನಲ್ಲಿ ಜಪಸರವಿರಲಿ. ಯೆರೂಸಲೇಮಿನಲ್ಲಿ ಪ್ರತಿಯೊಬ್ಬನೂ ತನ್ನ ತನ್ನ ಭಾಷೆಯಲ್ಲಿ ಕೇಳಿಸಿಕೊಂಡ ದಿನವಲ್ಲವೇ ಇದು?

ಒಂದು ಎಚ್ಚರಿಕೆ. ಬಹಳ ವರ್ಷ ದಿನವೂ ಕುಡಿದವರು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನದೊಳಗೆ ಕೈ ನಡುಗಿ, ಫಿಟ್ಸ್ ಬಂದು, ಇಲ್ಲದ್ದು ಕಂಡು ಪ್ರಾಣಕ್ಕೇ ಅಪಾಯವಾಗಬಹುದು. ಅದು ದೆವ್ವ ಹಿಡಿದದ್ದಲ್ಲ. ಕೋಣೆಯಲ್ಲಿ ಕೂಡಿಹಾಕಬೇಡಿ, ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ಯಾರನ್ನು ಕೇಳುವುದೆಂದು ತಿಳಿಯದಿದ್ದರೆ ಸರ್ಕಾರದ ಉಚಿತ ಸಹಾಯವಾಣಿ 14446 ಇದೆ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416.

ಮೇಲುಕೋಣೆಯಲ್ಲಿ ಮರಿಯಮ್ಮನವರೂ ಇತರ ಸ್ತ್ರೀಯರೂ ಇದ್ದರು. ಕುಡಿಯುವವರ ಮನೆಯವರಿಗಾಗಿಯೇ 1951ರಿಂದ ಆಲ್-ಅನಾನ್ ಎಂಬ ಕೂಟವಿದೆ. ಗಂಡ ಹೋಗದಿದ್ದರೂ ಹೆಂಡತಿ ಹೋಗಬಹುದು. "ನನ್ನಿಂದಲೇ ಹಿಂಗಾತೇನೋ ಫಾದರ್" ಎಂದು ಅಳುವ ಅಕ್ಕಂದಿರೇ, ನಿಮ್ಮಿಂದ ಆದದ್ದಲ್ಲ.

ಇಂದು ಹಬ್ಬ. ಮಧ್ಯಾಹ್ನ ನೆಂಟರು ಬರುತ್ತಾರೆ. ಬಿಟ್ಟು ಎರಡು ತಿಂಗಳಾದ ಅಣ್ಣನಿಗೆ "ಹಬ್ಬದ ದಿನ ಒಂದು ಗುಟುಕು ತಗೋ" ಎಂದು ಒತ್ತಾಯ ಮಾಡಬೇಡಿ. ಬಾಟಲಿಯನ್ನೇ ತರಿಸದಿದ್ದರೆ ಇನ್ನೂ ಒಳ್ಳೆಯದು.

ನಮ್ಮ ದೇವಾಲಯದ ಹಿಂದಿನ ಧರ್ಮೋಪದೇಶದ ಕೋಣೆ ಭಾನುವಾರ ಸಂಜೆ ಖಾಲಿ ಇರುತ್ತದೆ. ಇಬ್ಬರು ಮೂವರು ಸೇರಿದರೂ ಎ.ಎ. ಗುಂಪಾಗುತ್ತದೆ. ಜಾತಿ ಮತ ಕೇಳುವವರಿಲ್ಲ, ಹೆಸರು ಬರೆದುಕೊಳ್ಳುವುದಿಲ್ಲ, ಗುರುಗಳು ಒಳಗೆ ಬರುವುದೂ ಇಲ್ಲ. ಕೀಲಿಕೈ ಉಪದೇಶಿಯವರ ಬಳಿ ಇದೆ.